ಓದುಗರ ಪ್ರಶ್ನೆ: ಆತಿಥ್ಯ ನಗರದ್ದು, ಖಾತರಿ ಯಾರದ್ದು?

ಪ್ರಶ್ನೆ: 2030ರ ಕಾಮನ್‌ವೆಲ್ತ್ ಕ್ರೀಡಾಕೂಟದ ಆತಿಥ್ಯ ಅಹಮದಾಬಾದಿಗೆ ಸಿಕ್ಕಿದೆ. ಕ್ರೀಡೆ ರಾಜ್ಯಗಳ ವಿಷಯವೆಂದು ನಾನು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ. ಹಾಗಿರುವಾಗ ಒಂದು ನಗರ ಅರ್ಜಿ ಹಾಕಲು ಕೇಂದ್ರ ಸಚಿವ ಸಂಪುಟದ ಒಪ್ಪಿಗೆ ಏಕೆ ಬೇಕು? ನಮ್ಮ ಕಾಫಿ ತೋಟಗಳ ರಸ್ತೆಗಳಲ್ಲಿ ಏಷ್ಯಾ ಪೆಸಿಫಿಕ್ ಮಟ್ಟದ ಕಾರ್ ರ‍್ಯಾಲಿ ನಡೆದಾಗ ಇಷ್ಟೊಂದು ಕಾಗದಪತ್ರದ ಸುದ್ದಿ ಕೇಳಿರಲಿಲ್ಲ.
— ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರು, ಚಿಕ್ಕಮಗಳೂರು

ಉತ್ತರ: ತಾವು ಹೇಳಿದ ಪಾಠ ಸರಿಯಾಗಿಯೇ ಇದೆ. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯಪಟ್ಟಿಯಲ್ಲಿ 33ನೇ ನಮೂದು ಕ್ರೀಡೆಯನ್ನು ರಾಜ್ಯಗಳಿಗೆ ವಹಿಸಿದೆ. ಹನ್ನೆರಡನೇ ಅನುಸೂಚಿಯಂತೆ ಉದ್ಯಾನ ಮತ್ತು ಆಟದ ಮೈದಾನಗಳು ನಗರಸಭೆ, ಪಾಲಿಕೆಗಳಿಗೆ ವಹಿಸಬಹುದಾದ ಕೆಲಸಗಳ ಸಾಲಿನಲ್ಲಿವೆ. ಆದರೆ ಅಂತರರಾಷ್ಟ್ರೀಯ ಕ್ರೀಡಾಕೂಟವೆಂದರೆ ಮೈದಾನ ಮಾತ್ರವಲ್ಲ. ಎಪ್ಪತ್ತಕ್ಕೂ ಹೆಚ್ಚು ದೇಶ ಮತ್ತು ಪ್ರದೇಶಗಳ ಆಟಗಾರರಿಗೆ ವೀಸಾ ಕೊಡಬೇಕು, ಅವರು ತರುವ ಸಲಕರಣೆಗೆ ಸುಂಕದ ವಿನಾಯಿತಿ ಬೇಕು, ಪ್ರಸಾರಕ್ಕೆ ತರಂಗಾಂತರ ಬೇಕು. ಇವೆಲ್ಲ ಕೇಂದ್ರದ ಕೈಯಲ್ಲಿವೆ. ತೋಟದ ಮಾಲೀಕರ ಒಪ್ಪಿಗೆ, ಪೊಲೀಸ್ ಬಂದೋಬಸ್ತು, ಜಿಲ್ಲಾಡಳಿತದ ಅನುಮತಿ ಇವಿಷ್ಟರ ಮೇಲೆ ಬಹುಪಾಲು ನಿಲ್ಲುವ ರ‍್ಯಾಲಿಯ ಅಳತೆಗೋಲು ಇಲ್ಲಿ ಸಾಲದು.

ವೀಸಾ ಎಷ್ಟು ದೊಡ್ಡ ಮಾತು ಎಂಬುದನ್ನು ನಾವು 2019ರಲ್ಲಿ ಕಂಡಿದ್ದೇವೆ. ಪುಲ್ವಾಮಾ ದಾಳಿಯ ಬೆನ್ನಿಗೇ ದೆಹಲಿಯಲ್ಲಿ ನಡೆದ ಶೂಟಿಂಗ್ ವಿಶ್ವಕಪ್‌ಗೆ ಪಾಕಿಸ್ತಾನದ ಸ್ಪರ್ಧಿಗಳು ವೀಸಾ ಸಿಗದೆ ಬರಲಾಗಲಿಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ಭಾರತಕ್ಕೆ ಮುಂದಿನ ಕೂಟಗಳ ಆತಿಥ್ಯ ಕೊಡುವ ಕುರಿತ ಎಲ್ಲ ಮಾತುಕತೆಯನ್ನೂ ನಿಲ್ಲಿಸಿತು. ಅರ್ಹತೆ ಪಡೆದ ಯಾವ ದೇಶದ ಸ್ಪರ್ಧಿಗೂ ಪ್ರವೇಶ ನಿರಾಕರಿಸುವುದಿಲ್ಲವೆಂದು ಸರ್ಕಾರ ಲಿಖಿತ ಭರವಸೆ ಕೊಟ್ಟ ಮೇಲೆಯೇ, ಅದೇ ವರ್ಷದ ಜೂನ್‌ನಲ್ಲಿ, ಆ ತಡೆ ತೆರವಾಯಿತು. ಇಂಥ ಮಾತನ್ನು ನಗರಪಾಲಿಕೆಯ ಮೇಯರ್ ಕೊಡಲಾರರು, ಮುಖ್ಯಮಂತ್ರಿಯೂ ಕೊಡಲಾರರು. 2025ರ ಆಗಸ್ಟ್ 27ರಂದು ಕೇಂದ್ರ ಸಚಿವ ಸಂಪುಟವು ಅಹಮದಾಬಾದಿನ ಬಿಡ್‌ಗೆ ಒಪ್ಪಿಗೆ ಕೊಟ್ಟಾಗ ಸಂಬಂಧಪಟ್ಟ ಸಚಿವಾಲಯಗಳ ಖಾತರಿಗಳು, ಆತಿಥ್ಯ ಒಪ್ಪಂದಕ್ಕೆ ಸಹಿ ಹಾಕುವ ಅನುಮತಿ, ಗುಜರಾತ್ ಸರ್ಕಾರಕ್ಕೆ ಅನುದಾನ ಈ ಮೂರನ್ನೂ ಒಟ್ಟಿಗೆ ಸೇರಿಸಿದ್ದು ಇದೇ ಕಾರಣಕ್ಕೆ. ಅದಾಗಿ ಮೂರು ತಿಂಗಳಿಗೆ, ನವೆಂಬರ್ 26ರಂದು, ಗ್ಲಾಸ್ಗೋದಲ್ಲಿ ಸೇರಿದ ಕಾಮನ್‌ವೆಲ್ತ್ ಕ್ರೀಡಾ ಸಂಸ್ಥೆಯ ಮಹಾಸಭೆ ಆತಿಥ್ಯವನ್ನು ಅನುಮೋದಿಸಿತು.

ಪ್ರಶ್ನೆ: ಅಂತಹ ಖಾತರಿ ಪತ್ರಕ್ಕೆ ಕಾನೂನಿನ ಬಲ ಎಷ್ಟು? ಸರ್ಕಾರ ಬದಲಾದರೆ ಅಥವಾ ಮನಸ್ಸು ಬದಲಾದರೆ ಏನಾಗುತ್ತದೆ?
— ಕಾನೂನು ವಿದ್ಯಾರ್ಥಿನಿ, ಹಾಸನ

ಉತ್ತರ: ಈ ಅಂಕಣಕ್ಕೆ ಈಚೆಗೆ ಬಂದ ಪ್ರಶ್ನೆಗಳಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ್ದು ಇದು. ಖಾತರಿ ಪತ್ರವನ್ನು ನಮ್ಮಲ್ಲಿ ಶಿಫಾರಸು ಪತ್ರದಂತೆ ನೋಡುವ ರೂಢಿಯಿದೆ. ವಾಸ್ತವದಲ್ಲಿ ಅದು ಸಾಲಕ್ಕೆ ಜಾಮೀನು ನಿಂತಂತೆ. ಆತಿಥ್ಯ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಹಿಂದೆ ಸರಿದರೆ ಬೆಲೆ ತೆರಬೇಕಾಗುತ್ತದೆ. ಆಸ್ಟ್ರೇಲಿಯದ ವಿಕ್ಟೋರಿಯಾ ರಾಜ್ಯಕ್ಕೆ 2022ರ ಏಪ್ರಿಲ್‌ನಲ್ಲಿ 2026ರ ಕಾಮನ್‌ವೆಲ್ತ್ ಕೂಟ ಸಿಕ್ಕಿತ್ತು. ವೆಚ್ಚದ ಅಂದಾಜು 2.6 ಶತಕೋಟಿ ಡಾಲರ್‌ನಿಂದ ಆರೇಳು ಶತಕೋಟಿಗೆ ಏರಿತೆಂದು 2023ರ ಜುಲೈನಲ್ಲಿ ಅದೇ ಸರ್ಕಾರ ಕೈಬಿಟ್ಟಿತು, ಮತ್ತು 38 ಕೋಟಿ ಆಸ್ಟ್ರೇಲಿಯನ್ ಡಾಲರ್ ಪರಿಹಾರ ಕೊಟ್ಟಿತು. ಅಲ್ಲಿ ಪಕ್ಷ ಬದಲಾಗಿರಲಿಲ್ಲ, ಮುಖ್ಯಮಂತ್ರಿಯೂ ಬದಲಾಗಿರಲಿಲ್ಲ ಎಂಬುದನ್ನು ಗಮನಿಸಿ. ದಕ್ಷಿಣ ಆಫ್ರಿಕಾದ ಡರ್ಬನ್‌ನ ಕಥೆ ಬೇರೆ: 2022ರ ಕೂಟ ಅದರ ಕೈಗೆ ಬಂದ ಮೇಲೂ ಸರ್ಕಾರದ ಹಣಕಾಸು ಖಾತರಿ ಸಮರ್ಪಕವಾಗಿ ಬರದೆ, 2017ರಲ್ಲಿ ಆತಿಥ್ಯವನ್ನೇ ಹಿಂಪಡೆದು ಬರ್ಮಿಂಗ್‌ಹ್ಯಾಮ್‌ಗೆ ಕೊಡಲಾಯಿತು.

ಇನ್ನೂ ಹಿಂದಿನ ಒಂದು ಪ್ರಸಂಗವಿದೆ. 1976ರ ಚಳಿಗಾಲದ ಒಲಿಂಪಿಕ್ಸ್ ಅಮೆರಿಕದ ಡೆನ್ವರ್‌ಗೆ ನಿಗದಿಯಾಗಿತ್ತು. 1972ರ ನವೆಂಬರ್‌ನಲ್ಲಿ ಕೊಲರಾಡೊ ರಾಜ್ಯದ ಮತದಾರರು ಸರ್ಕಾರಿ ಹಣ ಖರ್ಚು ಮಾಡುವುದನ್ನು ಮತದಾನದಲ್ಲಿ ತಿರಸ್ಕರಿಸಿದರು. ಕೂಟ ಇನ್ಸ್‌ಬ್ರುಕ್‌ನಲ್ಲಿ ನಡೆಯಿತು. ಜನರನ್ನು ಕೇಳಬೇಕಾದದ್ದು ಅರ್ಜಿ ಹಾಕುವ ಮುಂಚೆ. ಅಲ್ಲಿ ಆತಿಥ್ಯ ಸಿಕ್ಕಿ ಎರಡು ವರ್ಷವಾದ ಮೇಲೆ ಕೇಳಲಾಯಿತು.

ನಮ್ಮದೇ ಅನುಭವಕ್ಕೆ ಬರೋಣ. 2010ರ ದೆಹಲಿ ಕಾಮನ್‌ವೆಲ್ತ್ ಕೂಟಕ್ಕೆ ಬಿಡ್ ಸಲ್ಲಿಸುವಾಗ, ಸಂಘಟನಾ ಸಮಿತಿಯ ಆದಾಯಕ್ಕೂ ವೆಚ್ಚಕ್ಕೂ ನಡುವೆ ಬೀಳುವ ಕೊರತೆಯನ್ನು ತುಂಬಿಕೊಡುವುದಾಗಿ ಭಾರತ ಸರ್ಕಾರ ಒಪ್ಪಿಕೊಂಡಿತು. ಆದರೆ ಆ ಸಮಿತಿ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತವಾದ ಒಂದು ಸೊಸೈಟಿಯಾಗಿತ್ತು. ಖರ್ಚು ಮಾಡುವ ಅಧಿಕಾರ ಒಬ್ಬರದ್ದು, ಕೊರತೆ ತುಂಬುವ ಹೊಣೆ ಇನ್ನೊಬ್ಬರದ್ದು ಎಂಬಂತಾದಾಗ ಆಗುವ ಅನಾಹುತವನ್ನು 2011ರ ಆಗಸ್ಟ್‌ನಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿ ಪುಟಪುಟವಾಗಿ ಬಿಚ್ಚಿಟ್ಟಿದೆ. ಲಂಡನ್ ಹಾಗೆ ಮಾಡಲಿಲ್ಲ. 2012ರ ಒಲಿಂಪಿಕ್ಸ್‌ನ ಆತಿಥ್ಯ ಅದಕ್ಕೆ 2005ರ ಜುಲೈನಲ್ಲಿ ಸಿಕ್ಕಿತು. 2006ರ ಮಾರ್ಚ್‌ನಲ್ಲಿ ಪ್ರತ್ಯೇಕ ಕಾಯ್ದೆಯೇ ಬಂತು. ಕ್ರೀಡಾಂಗಣ ಕಟ್ಟುವ ಹೊಣೆಯನ್ನು ಸಂಸತ್ತಿಗೆ ಉತ್ತರ ಕೊಡಬೇಕಾದ ಶಾಸನಬದ್ಧ ಪ್ರಾಧಿಕಾರಕ್ಕೆ ವಹಿಸಲಾಯಿತು.

ನಮ್ಮಲ್ಲಿ ಇಂಥ ಒಪ್ಪಂದಕ್ಕೆ ಸಹಿ ಹಾಕಲು ಸರ್ಕಾರ ಸಂಸತ್ತಿನ ಅನುಮತಿ ಪಡೆಯಲೇಬೇಕೆಂಬ ಕಟ್ಟುಪಾಡಿಲ್ಲ. ಸದನಕ್ಕೆ ವಿಷಯ ಬರುವುದು ಬಜೆಟ್ಟಿನಲ್ಲಿ, ಆಮೇಲೆ ಪೂರಕ ಅಂದಾಜುಗಳಲ್ಲಿ. ಅಷ್ಟು ಹೊತ್ತಿಗೆ ಮಾತು ಕೊಟ್ಟಾಗಿರುತ್ತದೆ, ಬೇಡವೆನ್ನುವ ಅವಕಾಶ ಸಂಸದರಿಗೆ ಉಳಿದಿರುವುದಿಲ್ಲ. ಅಂತರರಾಷ್ಟ್ರೀಯ ಒಪ್ಪಂದಗಳನ್ನು, ಅಂತರರಾಷ್ಟ್ರೀಯ ಸಂಸ್ಥೆಗಳ ತೀರ್ಮಾನಗಳನ್ನು ಜಾರಿಗೊಳಿಸಲು ರಾಜ್ಯಪಟ್ಟಿಯ ವಿಷಯದಲ್ಲೂ ಕಾನೂನು ಮಾಡುವ ಅಧಿಕಾರವನ್ನು 253ನೇ ವಿಧಿ ಸಂಸತ್ತಿಗೆ ಕೊಟ್ಟಿದೆ. 2025ರಲ್ಲಿ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯೂ ಬಂದಿದೆ. ಅದು ಕ್ರೀಡಾ ಒಕ್ಕೂಟಗಳ ಚುನಾವಣೆ, ಆಡಳಿತ, ವ್ಯಾಜ್ಯಗಳಿಗೆ ಸಂಬಂಧಿಸಿದ್ದು, ಆತಿಥ್ಯದ ಖರ್ಚಿಗಲ್ಲ. 2036ರ ಒಲಿಂಪಿಕ್ಸ್‌ಗೆ ಆಸಕ್ತಿ ಪತ್ರವನ್ನು 2024ರ ಅಕ್ಟೋಬರ್‌ನಲ್ಲೇ ಸಲ್ಲಿಸಿರುವ ದೇಶಕ್ಕೆ, ಸಹಿಗೆ ಮುಂಚೆಯೇ ಕೊರತೆಯ ಗರಿಷ್ಠ ಮಿತಿಯನ್ನು ಸದನದ ಮುಂದಿಡುವ ಪ್ರತ್ಯೇಕ ಕಾಯ್ದೆ ಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಶ್ನೆ: ಮುಂದೆ ಕರ್ನಾಟಕ ಬಿಡ್ ಸಲ್ಲಿಸಿದರೆ ಹಾಸನ, ಚಿಕ್ಕಮಗಳೂರಿಗೂ ಒಂದೆರಡು ಸ್ಪರ್ಧೆ ಸಿಗಬಹುದೇ?
— ಕಾಲೇಜು ಅಥ್ಲೀಟ್, ಹಾಸನ

ಉತ್ತರ: ನಿಯಮದ ಅಡ್ಡಿಯಿಲ್ಲ. 1997ರ ರಾಷ್ಟ್ರೀಯ ಕ್ರೀಡಾಕೂಟವನ್ನು ಬೆಂಗಳೂರು, ಮೈಸೂರು ಹಂಚಿಕೊಂಡಿದ್ದವು. 2019ರ ಸುಧಾರಣೆಯ ನಂತರ ಒಲಿಂಪಿಕ್ಸ್ ಕೂಡ ಒಂದೇ ನಗರಕ್ಕೆ ಸೀಮಿತವಾಗಿರಬೇಕಿಲ್ಲ. ಆದರೆ ಹೊಸದಾಗಿ ಜಮೀನು ಸ್ವಾಧೀನಕ್ಕೆ ಹೊರಟರೆ 2013ರ ಭೂಸ್ವಾಧೀನ ಕಾಯ್ದೆಯಂತೆ ಸಾಮಾನ್ಯವಾಗಿ ಸಾಮಾಜಿಕ ಪರಿಣಾಮದ ಅಧ್ಯಯನದಿಂದ ಆರಂಭಿಸಬೇಕಾಗುತ್ತದೆ. ಇನ್ನು ಹಣದ ಮಾತು. ರಾಜ್ಯ ನೀಡುವ ಖಾತರಿಗಳಿಗೆ ಶಾಸಕಾಂಗ ಮಿತಿ ಹಾಕಬಹುದೆಂದು 293ನೇ ವಿಧಿ ಹೇಳುತ್ತದೆ, ಕರ್ನಾಟಕ 1999ರಲ್ಲಿ ಅದಕ್ಕಾಗಿ ಕಾಯ್ದೆಯನ್ನೂ ಮಾಡಿಕೊಂಡಿದೆ. ಕ್ರೀಡಾಕೂಟದ ಕೊರತೆ ತುಂಬಿಕೊಡುವ ಭರವಸೆಯನ್ನೂ ಅದೇ ಶಿಸ್ತಿಗೆ ಒಳಪಡಿಸುವಿರಾ ಎಂದು ನಿಮ್ಮ ಕ್ಷೇತ್ರದ ಶಾಸಕರನ್ನು ಬಿಡ್‌ನ ಮಾತು ಎದ್ದ ದಿನವೇ ಕೇಳಿ.