ದಿನಾ ಪೋಸ್ಟ್ ಹಾಕಲೇಬೇಕಾ?

ಟೈಲರಿಂಗ್ ಮಾಡ್ತೀನಿ, ಇನ್‌ಸ್ಟಾಗ್ರಾಮ್‌ನಲ್ಲಿ ದಿನಾ ಪೋಸ್ಟ್ ಹಾಕಿದರೂ ಆರ್ಡರ್ ಬರ್ತಿಲ್ಲ ಅಂತ ಬರೆದಿದ್ದೀರಿ. ಈ ದಿನಾ ಹಾಕಲೇಬೇಕು ಅನ್ನೋ ಒತ್ತಡವನ್ನು ಮೊದಲು ಬಿಡಿ ಮೇಡಂ. ವಾರಕ್ಕೆ ಎರಡು ಸಾಕು, ಆದರೆ ನೋಡಿದವರಿಗೆ ಉಪಯೋಗ ಆಗಬೇಕು.

ಗಿರಾಕಿಗಳು ಪದೇ ಪದೇ ಕೇಳೋ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ. ‘ಮುಂದೊಂದು ದಿನ ಬಟ್ಟೆ ಬಿಗಿ ಆದರೆ ಹೊಲಿಗೆ ಬಿಚ್ಚಿ ಸಡಿಲ ಮಾಡಬಹುದಾ?’ ಅಂತ ಕೇಳ್ತಾರಲ್ಲ, ಆ ಬಟ್ಟೆಯನ್ನು ಒಳಮೈ ಹೊರಗೆ ಮಾಡಿ, ಹೊಲಿಗೆ ಪಕ್ಕ ಬಿಟ್ಟಿರೋ ಅಂಚಿಗೆ ಟೇಪ್ ಹಿಡಿದು ಕಿಟಕಿ ಬೆಳಕಲ್ಲಿ ಫೋಟೋ ತೆಗೀರಿ. ನಿಮ್ಮ ಕೈಕೆಲಸದ ಮೇಲೆ ನಂಬಿಕೆ ಹುಟ್ಟೋದು ಅಲ್ಲೇ. ರೆಡಿಮೇಡ್ ಶುಭಾಶಯದ ಚಿತ್ರಗಳಿಂದ ಅದು ಖಂಡಿತ ಆಗಲ್ಲ.

ಫೋಟೋ ಜೊತೆ ಬರೆಯೋ ಕ್ಯಾಪ್ಷನ್‌ಗೆ 2,200 ಅಕ್ಷರಗಳ ತನಕ ಜಾಗ ಇದೆ, ಆದರೆ ಪೂರ್ತಿ ತೆರೆಯೋ ಮುಂಚೆ ಕಾಣೋದು ಮೊದಲ ಒಂದೆರಡು ಸಾಲು ಮಾತ್ರ. ಗಿರಾಕಿಯ ಪ್ರಶ್ನೆಯನ್ನೇ ಅಲ್ಲಿಡಿ. ಸ್ಟೋರಿ 24 ಗಂಟೆಯಲ್ಲಿ ಮಾಯ ಆಗುತ್ತೆ; ಹೊಲಿದುಕೊಡೋಕೆ ಎಷ್ಟು ದಿನ, ಅಳತೆ ಹೇಗೆ ಕಳಿಸೋದು ಅನ್ನೋ ಸ್ಟೋರಿಗಳನ್ನು ನಿಮ್ಮ ಪ್ರೊಫೈಲ್‌ನಲ್ಲಿ ಹಾಗೇ ಉಳಿಯೋ ಹೈಲೈಟ್ಸ್‌ಗೆ ಸೇರಿಸಿ.

ಗಿರಾಕಿಯ ಫೋಟೋ ಹಾಕೋದಾದರೆ ಒಂದು ಮಾತು ಕೇಳಿಯೇ ಹಾಕಿ. ಇನ್‌ಬಾಕ್ಸ್‌ಗೆ ಬಂದ ಮೆಸೇಜಿಗೆ ಅವತ್ತೇ ಉತ್ತರ ಕೊಡಿ, ಎಷ್ಟೋ ಆರ್ಡರ್ ತಪ್ಪಿಹೋಗೋದು ಅಲ್ಲೇ.