ಟಾಕಾಚ್ ತಗೊಳ್ಳಿ, ಜೊತೆಗೆ ಬುಶ್ ಕೂಡ ಕೇಳಿ

ಬೀಥೋವನ್ ಕೊನೇ ಕ್ವಾರ್ಟೆಟ್‌ಗಳಿಗೆ (ನಾಲ್ಕು ತಂತಿವಾದ್ಯಕ್ಕೆ ಬರೆದ ಕೃತಿಗಳು) ರೆಕಾರ್ಡಿಂಗಿನ ಒಂದೇ ಸೆಟ್ ತಗೊಳ್ಳೋದಾದ್ರೆ ಟಾಕಾಚ್ ತಂಡದ್ದಾ, ಕ್ವಾರ್ಟೆಟೊ ಇಟಾಲಿಯಾನೊ ತಂಡದ್ದಾ ಅಂತ ಕೇಳಿದ್ರಲ್ಲ, ನನ್ನ ಓಟು ಟಾಕಾಚ್‌ಗೆ, ನಾಲ್ಕೂ ವಾದ್ಯ ಬಿಡಿಬಿಡಿಯಾಗಿ ಕೇಳ್ಸುತ್ತೆ, ಹೊಸದಾಗಿ ಕೇಳೋರಿಗೆ ಅದೇ ಮುಖ್ಯ. ಇಟಾಲಿಯಾನೊ ನಾದ ಸಖತ್ತಾಗಿದೆ ಆದ್ರೆ ನಿಧಾನ, ಕೆಲವು ಕಡೆ ನಂಗೆ ತಾಳ್ಮೆ ಸಾಲಲ್ಲ. ಓಪಸ್ 131 (ಓಪಸ್ ಅಂದ್ರೆ ಕೃತಿ ಸಂಖ್ಯೆ) ಅನ್ನೋ ಕ್ವಾರ್ಟೆಟಲ್ಲಿ 7 ಭಾಗ ನಿಲ್ಲದೇ ಒಂದರ ಹಿಂದೊಂದು ಬರ್ತವೆ, ಫೋನಲ್ಲಿ ಕೇಳೋದಾದ್ರೆ ಟ್ರ್ಯಾಕ್ ಮಧ್ಯೆ ಗ್ಯಾಪ್ ಬರದ ಹಾಗೆ ಸೆಟ್ಟಿಂಗ್ ನೋಡ್ಕೊಳಿ ಸಾರ್, ಇಲ್ಲಾಂದ್ರೆ ಮಜಾನೇ ಹೋಗುತ್ತೆ. ಓಪಸ್ 130ಕ್ಕೆ ಮೊದಲಿದ್ದ ಕೊನೇ ಭಾಗ ಗ್ರೋಸೆ ಫೂಗೆ (ಒಂದೇ ಸ್ವರದೆಳೆಯನ್ನ ವಾದ್ಯಗಳು ಒಂದರ ಹಿಂದೊಂದು ಹಿಡಿದು ಹೆಣೆಯೋ ದೊಡ್ಡ ರಚನೆ), ಪಬ್ಲಿಷರ್ ಕೇಳಿದ್ದಕ್ಕೆ 1826ರಲ್ಲಿ ಬೀಥೋವನ್ ಬೇರೆ ಕೊನೇ ಭಾಗ ಬರೆದಿದ್ದು, ಎರಡೂ ಹಾಕಿ ನೋಡಿ. ಬುಶ್ ಕ್ವಾರ್ಟೆಟ್ 1936ರಲ್ಲಿ ನುಡಿಸಿರೋ 131 ಮಾತ್ರ ಬಿಡಬೇಡಿ, ಹಳೇ ಪ್ಲೇಟಿನ ಕರಕರ ಸದ್ದು ಇದೆ, ಇರ್ಲಿ ಬಿಡಿ.