‘ಸಫರ್’ ಎಂಬ ಇಂಗ್ಲಿಷ್ ಕ್ರಿಯಾಪದದ ಮೂಲ ಅರ್ಥ ನರಳುವುದೋ, ಬಿಡುವುದೋ?

ಬೈಬಲ್ಲಿನ ಇಂಗ್ಲಿಷ್ ಅನುವಾದದಲ್ಲಿ ‘ಸಫರ್’ ಎಂಬ ಮಾತು ‘ಬಿಡು’ ಎಂಬ ಅರ್ಥದಲ್ಲಿ ಬಂದಿರುವುದನ್ನು ಕಂಡು ನಿಮಗೆ ಆಗಿರುವ ಗೊಂದಲವೇ ಹಿಂದೆ ನನ್ನ ಅನುವಾದದ ಕೆಲಸವೊಂದನ್ನು ಕಳೆದಿತ್ತು. ಹಳೆಯ ಪತ್ರವೊಂದರಲ್ಲಿ, ಅಧಿಕಾರಿಯೊಬ್ಬ ಊರಿನವರನ್ನು ಹೊಳೆ ದಾಟಲು ‘ಸಫರ್’ ಮಾಡಿದನೆಂದಿತ್ತು. ‘ಊರಿನವರನ್ನು ಹೊಳೆ ದಾಟಿಸಿ ನರಳಿಸಿದನು’ ಎಂದು ನಾನು ಬರೆದೆ. ಅನುಮತಿ ಕೊಟ್ಟವನು ಹಿಂಸೆ ಕೊಟ್ಟವನಾಗಿಬಿಟ್ಟ. ಪ್ರಕಾಶಕರು ಉಳಿದ ಪುಟಗಳನ್ನು ಬೇರೆಯವರಿಗೆ ಒಪ್ಪಿಸಿದರು.

ಪದ ಪರಿಚಿತವೆಂದು ನಾನು ವಾಕ್ಯದ ಕಟ್ಟಡವನ್ನೇ ನೋಡಿರಲಿಲ್ಲ. ನರಳುವ ಅರ್ಥವಿದ್ದರೆ ನರಳುವವನೇ ಕರ್ತೃವಾಗಿರಬೇಕು. ಅಲ್ಲಿ ಕರ್ತೃ ಅಧಿಕಾರಿ, ಕರ್ಮ ಊರಿನವರು, ಅವರ ಬೆನ್ನಿಗೆ ‘ಟು’ ಸೇರಿದ ಮತ್ತೊಂದು ಕ್ರಿಯಾಪದ. ಈ ಮೂರೂ ಒಟ್ಟಿಗೆ ಬಂದರೆ ಅರ್ಥ ‘ಮಾಡಗೊಡು’ ಎಂದೇ. 1611ರ ಕಿಂಗ್ ಜೇಮ್ಸ್ ಅನುವಾದದಲ್ಲಿ ಯೇಸು ಮಕ್ಕಳನ್ನು ತನ್ನ ಬಳಿಗೆ ಬರಲು ‘ಸಫರ್’ ಮಾಡಿರಿ ಎನ್ನುವುದೂ, ವಿಮೋಚನಕಾಂಡದಲ್ಲಿ ಮಾಟಗಾತಿಯನ್ನು ಬದುಕಲು ‘ಸಫರ್’ ಮಾಡಬಾರದು ಎನ್ನುವುದೂ ಇದೇ ಕಟ್ಟಡ. ಮೊದಲನೆಯದರಲ್ಲಂತೂ ‘ಅವರಿಗೆ ಅಡ್ಡಿ ಮಾಡಬೇಡಿರಿ’ ಎಂಬ ಮುಂದಿನ ಮಾತೇ ಸಂದೇಹವನ್ನು ನೀಗಿಸುತ್ತದೆ.

ನರಳುವುದು, ಬಿಡುವುದು ಇವೆರಡರಲ್ಲಿ ಮೂಲ ಯಾವುದೆಂದು ಕೇಳಿದ್ದೀರಿ. ಈ ಪ್ರಶ್ನೆಯ ಜಾಡೇ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಮೂಲದಲ್ಲಿರುವುದು ಹೊರುವುದು. ಲ್ಯಾಟಿನ್ನಿನ ‘ಸಬ್’ ಎಂದರೆ ಕೆಳಗೆ, ‘ಫೆರ್ರೆ’ ಎಂದರೆ ಹೊರು. ಎರಡೂ ಕೂಡಿ ‘ಸಫೆರ್ರೆ’ ಆಗಿ, ಹಳೆಯ ಫ್ರೆಂಚಿನ ಮೂಲಕ 13ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಭಾರದ ಅಡಿಯಲ್ಲಿ ನಿಂತವನು ನೋವುಣ್ಣುತ್ತಾನೆ. ಇನ್ನೊಬ್ಬರ ನಡೆಯನ್ನು ತಾಳಿಕೊಂಡವನು ಅದನ್ನು ತಡೆಯದೆ ಬಿಡುತ್ತಾನೆ. ಒಂದೇ ಬೇರಿನಿಂದ ಎರಡೂ ಅರ್ಥಗಳು ಕವಲೊಡೆದದ್ದು ಹೀಗೆ. ಆ ‘ಫೆರ್ರೆ’ ಮತ್ತು ಸಂಸ್ಕೃತದ ‘ಭೃ’ ಧಾತು ಒಂದೇ ಇಂಡೋ-ಯುರೋಪಿಯನ್ ಮೂಲದವು. ನಾವು ವೆಚ್ಚವನ್ನೂ ಕಷ್ಟವನ್ನೂ ‘ಭರಿಸುವುದು’ ಆ ಧಾತುವಿನಿಂದಲೇ. ಇದು ತಿಳಿದ ದಿನ ನನಗಾದ ಸಂತೋಷ ಇಂದಿಗೂ ಕಡಿಮೆಯಾಗಿಲ್ಲ. (ಮತದಾನದ ಹಕ್ಕನ್ನು ಹೇಳುವ ‘ಸಫ್ರೇಜ್’ ಕಿವಿಗೆ ನಂಟಿನಂತೆ ಕೇಳಿಸಿದರೂ, ಅದು ಮತ ಎಂಬರ್ಥದ ‘ಸಫ್ರಾಗಿಯುಮ್’ ಎಂಬ ಬೇರೆಯೇ ಪದದಿಂದ ಬಂದದ್ದು.)

ಆದ್ದರಿಂದ ಎರಡು ಅರ್ಥಗಳನ್ನು ಬೇರೆ ಬೇರೆಯಾಗಿ ಬಾಯಿಪಾಠ ಮಾಡಬೇಡಿ. ಹಳೆಯ ಗದ್ಯದಲ್ಲಿ ಈ ಕ್ರಿಯಾಪದ ಎದುರಾದಾಗ ಮೊದಲು ಕರ್ತೃ ಯಾರು, ಕರ್ಮ ಯಾರು ಎಂದು ಗುರುತಿಸಿ, ಆಮೇಲೆ ನಿಘಂಟು ತೆರೆಯಿರಿ.